ಬಿಲ್ ಬರುವ ತನಕ ಬದುಕುವ ಮನೆತನಗಳು

ಯಾದಗಿರಿ, ಶಹಾಪುರ, ಸುರಪುರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಗಳ ಫಲಕ ಓದುತ್ತಾ ಹೋದರೆ ಕೆಲವು ಕಡೆ ಹೆಸರಿನ ಕೆಳಗೆ ಇನ್ನೊಂದು ಸಾಲು ಕಾಣುತ್ತದೆ: ‘ಕ್ಲಾಸ್ ಒನ್ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್’. ಮೇಲಿನ ಸಾಲು ರೈತರಿಗಾಗಿ, ಕೆಳಗಿನದು ಸರ್ಕಾರಿ ಕಚೇರಿಗಳಿಗಾಗಿ. ಸುಟ್ಟ ಮೋಟಾರು ಹೊತ್ತು ತಂದವರು ಎದುರಿನ ಬಾಗಿಲಿನಿಂದ ಬರುತ್ತಾರೆ. ಕಂಬ ನಿಲ್ಲಿಸುವ, ತಂತಿ ಎಳೆಯುವ, ಪಂಪ್‌ಹೌಸ್‌ನ ಪ್ಯಾನೆಲ್ ಬೋರ್ಡ್ ಕೂರಿಸುವ ಕಾಮಗಾರಿ ಕಾಗದದ ದಾರಿಯಲ್ಲಿ ಬರುತ್ತದೆ. ಎರಡೂ ದಂಧೆ ಒಂದೇ ಮನೆಯವು. ಹಿರಿಯ ಅಣ್ಣ ಕಚೇರಿ ಓಡಾಟಕ್ಕೆ, ತಮ್ಮ ಸೈಟಿಗೆ, ಸೋದರಳಿಯ ವೈಂಡಿಂಗ್ ಟೇಬಲ್ಲಿಗೆ ಎಂಬ ಹಂಚಿಕೆ ಈ ಕಡೆಯ ಯಾರಿಗೂ ಹೊಸದಲ್ಲ.

ಇಂಥ ಮನೆತನಗಳ ಚರಿತ್ರೆಯನ್ನು ಯಾರೂ ಬರೆದಿಡುವುದಿಲ್ಲ. ಕಂಪನಿಗಳಾದರೆ ಶತಮಾನೋತ್ಸವದ ಸಂಚಿಕೆ ತರುತ್ತವೆ; ಇವರ ದಾಖಲೆಗಳೆಂದರೆ ಹಳೆಯ ವರ್ಕ್ ಆರ್ಡರುಗಳು, ಉದ್ರಿ ವಹಿ, ಗೋಡೆಗೆ ತೂಗುಹಾಕಿದ ಲೈಸನ್ಸು. ಅಂಗಡಿ ಹಳೆಯದಾದಷ್ಟೂ ಕೆಲಸಗಾರಿಕೆ ಪಳಗುತ್ತದೆ, ಕೆಲಸಗಾರಿಕೆ ಪಳಗಿದಷ್ಟೂ ವ್ಯಾಪಾರ ಬೆಳೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಯಾದಗಿರಿ ಜಿಲ್ಲೆಯ ಅನುಭವ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಇಂಥ ಮನೆತನ ಎಷ್ಟು ದೊಡ್ಡದಾಗಬೇಕು ಎಂಬುದನ್ನು ಬಹುಮಟ್ಟಿಗೆ ಗೊತ್ತು ಮಾಡಿದ್ದು ಸರ್ಕಾರ ಕೆಲಸ ಹಂಚಿದ ರೀತಿ ಮತ್ತು ಮಾಡಿದ ಕೆಲಸಕ್ಕೆ ಹಣ ಕೊಡಲು ತೆಗೆದುಕೊಂಡ ಸಮಯ.

ಕೈಕಸುಬಿಗೇನೂ ಈ ನೆಲದಲ್ಲಿ ಕೊರತೆ ಇರಲಿಲ್ಲ. ಕಬ್ಬಿಣ ಮತ್ತು ಮರದ ಕಸುಬಿನವರನ್ನು ಒಳಗೊಂಡ ವಿಶ್ವಕರ್ಮ ಸಮುದಾಯದ ಸಂತ ತಿಂಥಣಿ ಮೌನೇಶ್ವರರು ಸುರಪುರ ಸೀಮೆಯವರೇ. ಕೃಷ್ಣೆಯ ದಂಡೆಯ ತಿಂಥಣಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಕುಲುಮೆಯಲ್ಲಿ ಕುಡ ಬಡಿಯುತ್ತಿದ್ದ ಕೈ ಎಂಜಿನ್ನಿನ ನಟ್ಟು ಬಿಚ್ಚುವುದನ್ನು ಕಲಿಯಲು ಬಹಳ ಕಾಲ ಬೇಕಿಲ್ಲ. ನಿಜಾಮರ ಕಾಲದಿಂದ ಬಂದ ಮಿಸ್ತ್ರಿ ಪರಂಪರೆಯೂ ಇತ್ತು: ಹುಡುಗ ಉಸ್ತಾದನ ಕೈಕೆಳಗೆ ಸೇರಿ, ಮೊದಲು ಪಾನಾ ಎತ್ತಿಕೊಡುವುದು, ಆಮೇಲೆ ಬಿಚ್ಚುವುದು, ಕೊನೆಗೆ ಜೋಡಿಸುವುದು. ಹೀಗೆ ಕಲಿತವರ ಮೊದಲ ಗಿರಾಕಿಗಳು ಗಿರಣಿಗಳು. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿದ್ದು ಯಾದಗಿರಿಯ ಮೇಲೆ ಹಾದೇ. ರೈಲು ಇದ್ದಲ್ಲಿ ಪೇಟೆ, ಪೇಟೆ ಇದ್ದಲ್ಲಿ ಬೇಳೆ ಗಿರಣಿ, ಹತ್ತಿ ಜಿನ್ನು. ಗಿರಣಿಗೆ ಶಾಫ್ಟು, ಪುಲ್ಲಿ, ಬೆಲ್ಟು, ಬೇರಿಂಗು ನೋಡಿಕೊಳ್ಳುವವರು ಬೇಕು. ಸುಗ್ಗಿಯ ನಡುವೆ ಗಿರಣಿ ನಿಂತರೆ ಸಾಹುಕಾರ ರಾತ್ರೋರಾತ್ರಿ ಕರೆಸುತ್ತಾನೆ, ಕೈಮೇಲೆ ರೊಕ್ಕ ಇಡುತ್ತಾನೆ. ಮೆಕ್ಯಾನಿಕಲ್ ಕೆಲಸ ಬದುಕು ಕೊಟ್ಟಿದ್ದು ಹೀಗೆ. ಆ ಬದುಕು ವರ್ಷದಲ್ಲಿ ನಾಲ್ಕೈದು ತಿಂಗಳದ್ದು.

ವಿದ್ಯುತ್ತು ಬಂದಾಗ ಲೆಕ್ಕ ಬದಲಾಯಿತು. 1956ರಲ್ಲಿ ಹೈದರಾಬಾದ್ ರಾಜ್ಯದ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ರಾಜ್ಯದ ಇನ್ನೊಂದು ತುದಿಯಲ್ಲಿ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತ್ತು. ಆ ಅಂತರ ಮನಸ್ಸಿನಲ್ಲಿದ್ದರೆ ಮಾತ್ರ ಈ ಸೀಮೆಯ ಹಳ್ಳಿಗೆ ಕಂಬ ಬಂದ ದಿನದ ಸಂಭ್ರಮ ಅರ್ಥವಾದೀತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದ ಮೇಲೆ ಹಳ್ಳಿಗಳಿಗೂ ಪಂಪ್‌ಸೆಟ್‌ಗಳಿಗೂ ಲೈನು ಎಳೆಯಲು ಸಾಲದ ಹಣ ಸಿಗತೊಡಗಿತು. ಕೆಲಸ ಎಷ್ಟು ಹರಡಿಕೊಂಡಿತ್ತೆಂದರೆ ಮಂಡಳಿಯ ಸ್ವಂತ ಗ್ಯಾಂಗುಗಳಿಂದ ಮಾತ್ರ ಮುಗಿಯುವಂಥದ್ದಾಗಿರಲಿಲ್ಲ. ಕಂಬ ಸಾಗಿಸಲು, ಗುಂಡಿ ತೋಡಲು, ತಂತಿ ಬಿಗಿಯಲು ತುಂಡು ಗುತ್ತಿಗೆ ಶುರುವಾಯಿತು. ಬಹುಪಾಲು ಸಾಮಾನು ಮಂಡಳಿಯದು, ಗುತ್ತಿಗೆದಾರನದು ಕೂಲಿ ಮತ್ತು ಕೆಲಸಗಾರಿಕೆ. ಬಂಡವಾಳವಿಲ್ಲದವರೂ ಇಳಿಯಬಹುದಾದ ದಂಧೆ ಅದು. ಇವತ್ತಿನ ಹಲವು ಮನೆತನಗಳು ಹತ್ತಿದ ಮೊದಲ ಮೆಟ್ಟಿಲು ಇದೇ.

ಇಲ್ಲಿ ಲೈಸನ್ಸಿನ ಸಂಗತಿ ವಿವರಿಸಬೇಕು. ವಿದ್ಯುತ್ ಕೆಲಸವನ್ನು ಯಾರು ಬೇಕಾದರೂ ಮಾಡುವಂತಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮ ಅದನ್ನು ಸ್ಪಷ್ಟವಾಗಿ ಹೇಳಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಮತ್ತು 2023ರ ಸುರಕ್ಷತಾ ನಿಯಮಾವಳಿಗಳೂ ಅದನ್ನೇ ಮುಂದುವರಿಸಿವೆ. ಬಲ್ಬು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ, ಉಳಿದದ್ದನ್ನು ಲೈಸನ್ಸ್ ಪಡೆದ ಗುತ್ತಿಗೆದಾರನೇ, ಪರ್ಮಿಟ್ ಇರುವ ಸೂಪರ್‌ವೈಸರನ ಮೇಲ್ವಿಚಾರಣೆಯಲ್ಲಿ ಮಾಡಿಸಬೇಕು. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಈ ಲೈಸನ್ಸು, ಪರ್ಮಿಟ್ಟುಗಳನ್ನು ಕೊಡುತ್ತದೆ. ವೈರ್‌ಮನ್ ಪರ್ಮಿಟ್ಟು, ಸೂಪರ್‌ವೈಸರ್ ಪರ್ಮಿಟ್ಟು, ಕ್ಲಾಸ್ ಒನ್ ಲೈಸನ್ಸು, ಅದರ ಮೇಲೆ ಸೂಪರ್ ಗ್ರೇಡ್. ಪರ್ಮಿಟ್ಟು ವ್ಯಕ್ತಿಯದು. ಅಂಗಡಿ, ಜಾಗ, ಗಿರಾಕಿ ಎಲ್ಲವೂ ಅಪ್ಪನಿಂದ ಮಗನಿಗೆ ಬಂದರೂ ಪರ್ಮಿಟ್ಟು ಬರುವುದಿಲ್ಲ. ಮಗ ಐಟಿಐನೋ ಡಿಪ್ಲೊಮಾನೋ ಓದಬೇಕು, ಇಲ್ಲವೇ ಅನುಭವ ತೋರಿಸಿ ಪರೀಕ್ಷೆಗೆ ಕೂರಬೇಕು. ಕುಲುಮೆಯ ಕಸುಬು ಹೀಗೆ ಹತ್ತಾರು ವರ್ಷಗಳ ಹಿಂದೆಯೇ ಸರ್ಟಿಫಿಕೇಟಿನ ಕಸುಬಾಯಿತು. ಅತಿ ಒಳ್ಳೆಯ ಕೈಯ ಉಸ್ತಾದನೊಬ್ಬ ಜೀವಮಾನವಿಡೀ ಇನ್ನೊಬ್ಬರ ಲೈಸನ್ಸಿನ ಕೆಳಗೆ ದುಡಿಯುವುದೂ, ಸಾಧಾರಣ ಕೈಯವನು ಓದಿದ ಕಾರಣಕ್ಕೆ ಯಜಮಾನನಾಗುವುದೂ ಸಾಧ್ಯವಾದದ್ದು ಇದರಿಂದಲೇ. ಅನ್ಯಾಯ ಅನ್ನಿಸಬಹುದು, ಆದರೆ ಕಂಬದ ಮೇಲೆ ಜೀವ ಹೋಗುವ ಕೆಲಸದಲ್ಲಿ ಯಾರ ಹೆಸರು ಕೇಳಬೇಕು ಎಂಬುದಕ್ಕೆ ಒಂದು ಕಾಗದ ಇರಲೇಬೇಕು.

ಯಾದಗಿರಿ, ಶಹಾಪುರ, ಸುರಪುರಗಳ ಕೆಲಸದ ಸ್ವರೂಪ ಒಂದೇ ಅಲ್ಲ. ಅದಕ್ಕೆ ಕಾರಣ ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಗೆ ನೀರು ಹರಿದದ್ದು 1982ರಲ್ಲಿ. ಹುಣಸಗಿ ಶಾಖಾ ಕಾಲುವೆ, ಶಹಾಪುರ ಶಾಖಾ ಕಾಲುವೆ, ಮುಡಬಾಳ ಶಾಖಾ ಕಾಲುವೆ ಒಂದೊಂದಾಗಿ ಕವಲೊಡೆದವು. ಕಾಲುವೆ ನೀರು ತಾನಾಗಿ ಹರಿದು ಹೊಲ ಸೇರುತ್ತದೆ, ಅದಕ್ಕೆ ಪಂಪು ಬೇಕಿಲ್ಲ. ಹಾಗಾದರೆ ಶಹಾಪುರ, ಸುರಪುರಗಳಲ್ಲಿ ಮೋಟಾರಿನ ದಂಧೆ ಸೊರಗಬೇಕಿತ್ತಲ್ಲ? ಆದದ್ದು ಉಲ್ಟಾ. ನೀರು ಬಂದಲ್ಲಿ ಜೋಳ, ತೊಗರಿಯ ಜಾಗಕ್ಕೆ ಭತ್ತ ಬಂತು. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತದ ಜೊತೆ ಯಂತ್ರದ ರೂಢಿಯನ್ನೂ ತಂದರು. ಭತ್ತದ ಹಿಂದೆ ರೈಸ್ ಮಿಲ್ಲು ಬಂತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನೀರು ಕುಡಿದಷ್ಟೂ ಕೊನೆ ಭಾಗಕ್ಕೆ ನೀರು ಮುಟ್ಟಲಿಲ್ಲ. ಟೇಲೆಂಡ್ ರೈತ ಹಳ್ಳಕ್ಕೋ ಬಾವಿಗೋ ಬೋರಿಗೋ ಮೋಟಾರು ಇಳಿಸಿದ. ಕೆಲವರು ಕದ್ದು ಕಾಲುವೆಗೇ ಇಳಿಸಿದರು. ಕಾಲುವೆ ಮುಟ್ಟದ ಎತ್ತರದ ಭೂಮಿಗೆ ಏತ ನೀರಾವರಿ ಬಂತು. ಶಹಾಪುರದ ಪಕ್ಕದ ಭೀಮರಾಯನಗುಡಿ ಯೋಜನೆಯ ಕಚೇರಿಗಳ ಊರಾಗಿ ಬೆಳೆಯಿತು. ಗೇಟು, ಸ್ಕ್ರೂ, ಗೇರುಬಾಕ್ಸು, ಕಾಲೊನಿಯ ವೈರಿಂಗು, ಪಂಪ್‌ಹೌಸು, ಜನರೇಟರು: ಮೆಕ್ಯಾನಿಕಲ್ಲೂ ಎಲೆಕ್ಟ್ರಿಕಲ್ಲೂ ಒಂದೇ ಟೆಂಡರಿನಲ್ಲಿ ಬರುವುದನ್ನು ಈ ಕಡೆಯ ಗುತ್ತಿಗೆದಾರರು ಕಲಿತದ್ದು ಇಲ್ಲಿ. ಯಾದಗಿರಿಗೆ ಮಾತ್ರ ಇದರ ಪಾಲು ಕಡಿಮೆ. ಅದಕ್ಕೆ ಭೀಮೆಯ ದಂಡೆ, ಗಿರಣಿ, ರೈಲು. 2009ರ ಡಿಸೆಂಬರ್ 30ರಂದು ಜಿಲ್ಲಾ ಕೇಂದ್ರವಾದ ಮೇಲೆ ಸಾಲುಸಾಲು ಸರ್ಕಾರಿ ಕಟ್ಟಡ.

ಮೋಟಾರು ಯಾಕೆ ಸುಡುತ್ತದೆ ಎಂಬುದನ್ನು ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಮನೆತನಗಳ ದಿನದ ಅನ್ನ ಬಂದದ್ದು ಅದರಿಂದಲೇ. ಹತ್ತು ಎಚ್‌ಪಿಯ ಮೋಟಾರು ಅಂದರೆ ಸುಮಾರು ಏಳೂವರೆ ಕಿಲೊವ್ಯಾಟ್. 415 ವೋಲ್ಟ್ ಸರಿಯಾಗಿ ಸಿಕ್ಕರೆ ಅದು ತುಂಬು ಹೊರೆಯಲ್ಲಿ 14 ಆಂಪಿಯರ್ ಆಸುಪಾಸು ಎಳೆಯುತ್ತದೆ. ಲೈನಿನ ಕೊನೆಯಲ್ಲಿ ವೋಲ್ಟೇಜು 300ಕ್ಕೆ ಕುಸಿಯಿತೆನ್ನಿ. ನೀರಿನ ಹೊರೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಮೋಟಾರು 19 ಆಂಪಿಯರ್‌ವರೆಗೂ ಎಳೆಯುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವ ಕಾರಣ ಒಳಗಿನ ಬಿಸಿ ಸುಮಾರು ಎರಡು ಪಟ್ಟು. ತಾಮ್ರದ ತಂತಿಯ ಮೇಲಿನ ಎನಾಮೆಲ್ ಕರಗುತ್ತದೆ, ಸುತ್ತಿಗೆ ಸುತ್ತು ತಾಗುತ್ತದೆ, ಹೊಗೆ ಬರುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೂ ಇದೇ ಗತಿ. ಇನ್ನು ರೈತರಿಗೆ ತ್ರೀಫೇಸ್ ಸಿಗುವುದು ದಿನಕ್ಕೆ ಏಳು ತಾಸು, ಅದೂ ಪಾಳಿಯಲ್ಲಿ. ಎದ್ದು ಹೋಗಿ ಗುಂಡಿ ಒತ್ತುವ ಕಷ್ಟ ಬೇಡವೆಂದು ಎಲ್ಲರೂ ಆಟೊ ಸ್ಟಾರ್ಟರ್ ಹಾಕಿಸಿಕೊಂಡಿರುತ್ತಾರೆ. ಕರೆಂಟು ಬಂದ ಕ್ಷಣ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಕೆಳಗಿನ ಎಲ್ಲ ಮೋಟಾರೂ ಒಟ್ಟಿಗೆ ಎದ್ದೇಳುತ್ತವೆ. ಏಳುವಾಗ ಪ್ರತಿಯೊಂದೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಕೇಳುತ್ತದೆ. ಮೋಟಾರು ತಡೆದುಕೊಂಡರೆ ಟಿಸಿ ಸುಡುತ್ತದೆ. ಹಳ್ಳಿಯಲ್ಲಿ ಸುಟ್ಟ ಟಿಸಿಯನ್ನು 72 ತಾಸಿನೊಳಗೆ ಬದಲಿಸಬೇಕೆಂದು ವಿದ್ಯುತ್ ನಿಯಂತ್ರಣ ಆಯೋಗದ ನಿಯಮವಿದೆ. ಭತ್ತದ ಗದ್ದೆ ಅಷ್ಟು ಹೊತ್ತು ತಡೆದೀತು, ಮೆಣಸಿನ ಸಸಿ ತಡೆಯುವುದಿಲ್ಲ.

ಆಗ ರೈತ ಅಂಗಡಿಗೆ ಬರುತ್ತಾನೆ. “ಅಣ್ಣಾ, ಮೋಟಾರ ಸುಟ್ಟದ, ನಾಳಿಗಿ ಕೊಡ್ರಿ. ರೊಕ್ಕ ಸುಗ್ಗಿಗಿ ಕೊಡ್ತೀನಿ.” ತಾಮ್ರ, ವಾರ್ನಿಷ್, ಬೇರಿಂಗು ಎಲ್ಲ ಅಂಗಡಿಯವನದೇ; ಹಣ ಮಾತ್ರ ಹತ್ತಿ ಬಿಡಿಸಿದ ಮೇಲೆ. ಇಲ್ಲ ಅನ್ನುವಂತಿಲ್ಲ. ಇವತ್ತು ವಾಪಸು ಕಳಿಸಿದವನು ನಾಳೆ ಹೊಸ ಮೋಟಾರಿಗೆ, ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರಿನ ಕಾಗದಕ್ಕೆ, ಮನೆ ವೈರಿಂಗಿಗೆ ಬೇರೆ ಅಂಗಡಿ ಮೆಟ್ಟಿಲು ಹತ್ತುತ್ತಾನೆ. ಊರಿನ ಕಡೆಯಿಂದ ಉದ್ರಿ ಬೆಳೆಯುವುದು ಹೀಗೆ.

ಇನ್ನೊಂದು ಕಡೆಯಿಂದ ಸರ್ಕಾರದ ಉದ್ರಿ. ಟೆಂಡರಿಗೆ ಇಎಂಡಿ (ಮುಂಗಡ ಠೇವಣಿ) ಕಟ್ಟಬೇಕು, ಕೆಲಸ ಸಿಕ್ಕ ಮೇಲೆ ಭದ್ರತಾ ಠೇವಣಿ ಇಡಬೇಕು. ಸಾಮಾನು ಸಹಿತ ಗುತ್ತಿಗೆಯಾದರೆ ಕೇಬಲ್ಲು, ಪಂಪು, ಪ್ಯಾನೆಲ್ಲುಗಳನ್ನು ಕಂಪನಿಗಳಿಂದ ತರಿಸಬೇಕು. ಸಣ್ಣ ಗುತ್ತಿಗೆದಾರನಿಗೆ ಅವು ಸಾಲ ಕೊಡುವುದು ಅಪರೂಪ. ಕೆಲಸ ಮುಗಿದ ಮೇಲೆ ಎಂಜಿನಿಯರ್ ಬಂದು ಅಳೆದು ಎಂಬಿ ಪುಸ್ತಕದಲ್ಲಿ ಬರೆಯಬೇಕು, ಬಿಲ್ಲು ಮೇಲೆ ಹೋಗಬೇಕು, ಅನುದಾನ ಇಳಿಯಬೇಕು. ಬಿಲ್ಲು ಬಂದಾಗ ಆದಾಯ ತೆರಿಗೆಯ ಟಿಡಿಎಸ್ ಮೊದಲೇ ಮುರಿದುಕೊಂಡಿರುತ್ತದೆ: ವ್ಯಕ್ತಿ ಅಥವಾ ಅವಿಭಕ್ತ ಕುಟುಂಬವಾದರೆ ಶೇ 1, ಕಂಪನಿ ಅಥವಾ ಪಾಲುದಾರಿಕೆಯಾದರೆ ಶೇ 2. ಎರಡೂವರೆ ಲಕ್ಷ ರೂಪಾಯಿ ಮೀರಿದ ಸರ್ಕಾರಿ ಗುತ್ತಿಗೆಗೆ ಜಿಎಸ್‌ಟಿ ಟಿಡಿಎಸ್ ಬೇರೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕಾಮಗಾರಿ ಗುತ್ತಿಗೆಗಳಿಗೆ ಅದು ಅನ್ವಯಿಸುತ್ತದೆಯೇ ಎಂಬ ವಾದ ಕೋರ್ಟುಗಳಲ್ಲಿ ನಡೆಯುತ್ತಲೇ ಬಂದಿದೆ. ಅನ್ವಯಿಸುತ್ತದೆ ಎಂದೇ ಇಟ್ಟುಕೊಳ್ಳಿ, ವರ್ಷವಿಡೀ ಕೆಲಸ ಕೊಡುವ ಇಲಾಖೆಯ ಮೇಲೆ ದೂರು ಕೊಡುವ ಗುತ್ತಿಗೆದಾರ ಎಲ್ಲಿದ್ದಾನೆ?

ಈ ಎರಡು ಉದ್ರಿಗಳ ನಡುವಿನ ತೂತನ್ನು ಮುಚ್ಚುವುದು ಮನೆ. ಕುಟುಂಬದ ದಂಧೆ ಕುಟುಂಬದ್ದೇ ಆಗಿ ಉಳಿದದ್ದರ ಗುಟ್ಟು ಪ್ರೀತಿಯಲ್ಲೋ ಸಂಪ್ರದಾಯದಲ್ಲೋ ಇದೆ ಎಂದು ನನಗೆ ಅನ್ನಿಸುವುದಿಲ್ಲ. ತಮ್ಮನಿಗೆ ಮೂರು ತಿಂಗಳು ಸಂಬಳ ಕೊಡದೆ ಇರಬಹುದು, ಹೊರಗಿನ ಸೂಪರ್‌ವೈಸರನಿಗೆ ಆಗದು. ಹೆಂಡತಿಯ ಬಂಗಾರ ಅಡ ಇಟ್ಟರೆ ಇಎಂಡಿ, ಹೊಲದ ಪಹಣಿ ಇಟ್ಟರೆ ಬ್ಯಾಂಕ್ ಗ್ಯಾರಂಟಿ. ವಹಿಯ ಲೆಕ್ಕ, ಈಗ ಜಿಎಸ್‌ಟಿ ಲೆಕ್ಕ ಕೂಡ, ಅನೇಕ ಮನೆಗಳಲ್ಲಿ ಬಿಕಾಂ ಓದಿದ ಸೊಸೆಯ ಕೈಯಲ್ಲಿದೆ. ಫಲಕದ ಮೇಲಿನ ‘ಅಂಡ್ ಸನ್ಸ್’ನಲ್ಲಿ ಆಕೆಯ ಲೆಕ್ಕ ಇಲ್ಲ. ಅರ್ಥಶಾಸ್ತ್ರದವರು ದುಡಿಯುವ ಬಂಡವಾಳ ಎನ್ನುವುದನ್ನು ಇಲ್ಲಿ ಅವಿಭಕ್ತ ಕುಟುಂಬ ಎನ್ನುತ್ತಾರೆ. ಅಣ್ಣತಮ್ಮಂದಿರು ಬೇರೆಯಾದ ದಿನ ಈ ಬ್ಯಾಂಕು ಮುಚ್ಚುತ್ತದೆ. ಲೈಸನ್ಸು ಒಬ್ಬನ ಪಾಲಿಗೆ, ಅಂಗಡಿ ಇನ್ನೊಬ್ಬನ ಪಾಲಿಗೆ ಹೋದ ಮನೆಗಳಲ್ಲಿ ಎರಡೂ ಅರ್ಧರ್ಧ ಉಳಿಯುತ್ತವೆ.

ಇಷ್ಟಾದರೂ ದಂಧೆ ಬೆಳೆಯಬಹುದಿತ್ತು. ಬೆಳೆದ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಅಂಗಡಿಯ ಜಾಗ ನಗರಸಭೆಯ ಬಡಾವಣೆಗೆ ಹೋಗಿ ನೆಲೆ ತಪ್ಪಿದಾಗ ಔಂಧ್ ಸಂಸ್ಥಾನದ ರಾಜರು ಜಾಗವನ್ನೂ ಸಾಲವನ್ನೂ ಕೊಟ್ಟರು; 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮುಂದೆ 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಕಥೆಯಲ್ಲಿ ನಾವು ಹಾರಿಸಿ ಓದುವ ಸಾಲೊಂದಿದೆ: ಇಕ್ಕಟ್ಟಿನ ಹೊತ್ತಿನಲ್ಲಿ ಒಬ್ಬ ದೊರೆ ಬಂಡವಾಳ ಕೊಟ್ಟ. ಮಾಡಿದ್ದನ್ನು ಮಾರಲು ಊರೂರಿನ ರೈತರಿದ್ದರು. ಒಂದು ಕಚೇರಿಯ ಬಿಲ್ಲಿಗೆ ಕಾಯಬೇಕಿರಲಿಲ್ಲ. ಶಹಾಪುರದ ಗುತ್ತಿಗೆದಾರನಿಗೆ ದೊಡ್ಡ ಗಿರಾಕಿ ಒಬ್ಬನೇ, ಸರ್ಕಾರ; ಅವನೇ ದೊರೆ, ಅವನೇ ಸಾಲಗಾರ.

ಆ ಗಿರಾಕಿ ಕೊಳ್ಳುವ ರೀತಿ ಕಾಲಕಾಲಕ್ಕೆ ಬದಲಾಗುತ್ತಾ ಬಂತು. 1999ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಕಲಬುರಗಿ ಕೇಂದ್ರವಾಗಿ ವಿದ್ಯುತ್ ಹಂಚುವ ಜೆಸ್ಕಾಂ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ತರುವ ರಾಜ್ಯದ 1999ರ ಕಾಯ್ದೆ ಜಾರಿಯಾಗಿ, ಮುಂದೆ ಟೆಂಡರು ಕಂಪ್ಯೂಟರಿಗೆ ಬಂತು. ಮೊದಲು ಪೆಟ್ಟಿಗೆಗೆ ಲಕೋಟೆ ಹಾಕಲು ಹೋದವನನ್ನು ಬಾಗಿಲಲ್ಲೇ ತಡೆಯಬಹುದಿತ್ತು, ಈಗ ಆಗದು. ಇದು ನಿಜವಾದ ಲಾಭ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಣ್ಣ ಕಾಮಗಾರಿಗಳಲ್ಲಿ ಮೀಸಲಾತಿ ಕೊಟ್ಟ ತಿದ್ದುಪಡಿ, 50 ಲಕ್ಷದ ಮಿತಿಯಿಂದ ಶುರುವಾಗಿ 2023ರಲ್ಲಿ ಒಂದು ಕೋಟಿಗೆ ಏರಿದ್ದು, ಸುರಪುರದಂಥ ನಾಯಕ ಸಮುದಾಯ ದೊಡ್ಡದಾಗಿರುವ ತಾಲ್ಲೂಕಿನಲ್ಲಿ ಹೊಸ ಮನೆತನಗಳು ಈ ದಂಧೆಗೆ ಕಾಲಿಡಲು ದಾರಿ ತೆರೆಯಿತು. ಹಳಬರು ಗೊಣಗುತ್ತಾರೆ. ಹಳಬರೂ ಒಂದು ಕಾಲಕ್ಕೆ ಹೊಸಬರೇ.

ಇದರ ಜೊತೆಜೊತೆಗೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು: ಸಣ್ಣ ಸಣ್ಣ ಕೆಲಸಗಳನ್ನು ಗಂಟುಕಟ್ಟಿ ಒಂದೇ ಪ್ಯಾಕೇಜು ಮಾಡುವುದು. ಕೇಂದ್ರದ 2005ರ ಗ್ರಾಮೀಣ ವಿದ್ಯುದೀಕರಣ ಯೋಜನೆಯಿಂದಲೇ ಟರ್ನ್‌ಕೀ ಗುತ್ತಿಗೆ ರೂಢಿಗೆ ಬಂತು. ಇಂಥ ಟೆಂಡರುಗಳು ಕಳೆದ ವರ್ಷಗಳ ವಹಿವಾಟು ಇಷ್ಟಿರಬೇಕು, ಇದೇ ಬಗೆಯ ಕೆಲಸ ಇಷ್ಟು ಮೊತ್ತಕ್ಕೆ ಮಾಡಿರಬೇಕು ಎಂದು ಕೇಳುತ್ತವೆ. ಸ್ಥಳೀಯ ಮನೆತನಕ್ಕೆ ಅದು ಎಟುಕದು. ಕೊನೆಗೆ ಕಂಬ ನೆಡುವವರು ಇವರೇ, ಹೊರಗಿನ ಕಂಪನಿಯ ಉಪಗುತ್ತಿಗೆಯಲ್ಲಿ, ಕಡಿಮೆ ದರಕ್ಕೆ. ಮಾಡಿದ ಕೆಲಸದ ಅನುಭವ ಪತ್ರ ಕಂಪನಿಯ ಹೆಸರಿಗೆ ಹೋಗುವುದರಿಂದ ಮುಂದಿನ ಟೆಂಡರಿಗೂ ಇವರು ಅರ್ಹರಾಗುವುದಿಲ್ಲ. ಈ ಚಕ್ರ ಒಮ್ಮೆ ತಿರುಗತೊಡಗಿದರೆ ಮೂರನೆಯ ತಲೆಮಾರಿಗೆ ಉಳಿಯುವುದು ಕೂಲಿ ಪೂರೈಕೆ ಮಾತ್ರ.

2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ನೋಡಿ. ಸುಮಾರು 4,700 ಕೋಟಿ ರೂಪಾಯಿಯ ಕೆಲಸ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಕಾಲುವೆಯ ಗೇಟುಗಳನ್ನು ಕೈಯಿಂದ ತಿರುಗಿಸುವ ಬದಲು ದೂರದಿಂದ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ. ಗೇಟಿನಲ್ಲೇ ಸೆನ್ಸರು, ಸಣ್ಣ ಮೋಟಾರು, ಸೋಲಾರ್ ಫಲಕ, ರೇಡಿಯೊ. ಟೇಲೆಂಡ್ ರೈತನ ನಾಲ್ಕು ದಶಕದ ದೂರಿಗೆ ಯಂತ್ರ ಕೊಟ್ಟ ಉತ್ತರ ಇದು, ಒಳ್ಳೆಯ ಉತ್ತರ. ಅದೇ ದಿನ ಅಡಿಗಲ್ಲು ಹಾಕಿದ ಯಾದಗಿರಿಯ ಬಹುಗ್ರಾಮ ಕುಡಿಯುವ ನೀರಿನ ಯೋಜನೆ 2,000 ಕೋಟಿ ಮೀರಿದ್ದು. ದಿನಕ್ಕೆ 11.7 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕದಿಂದ 700ಕ್ಕೂ ಹೆಚ್ಚು ಜನವಸತಿಗಳಿಗೂ ಮೂರು ಪಟ್ಟಣಗಳಿಗೂ ನೀರು. ಇದರ ಪಂಪು, ವಾಲ್ವು, ಪ್ಯಾನೆಲ್ ಎಲ್ಲವೂ ಮೆಕ್ಯಾನಿಕಲ್-ಎಲೆಕ್ಟ್ರಿಕಲ್ ಕೆಲಸವೇ. ಈ ಜಿಲ್ಲೆಯ ಚರಿತ್ರೆಯಲ್ಲಿ ಆ ಕಸುಬಿಗೆ ಇಷ್ಟು ಹಣ ಎಂದೂ ಬಂದಿರಲಿಕ್ಕಿಲ್ಲ. ಅದರಲ್ಲಿ ಇಲ್ಲಿನ ಲೈಸನ್ಸುಗಳ ಹೆಸರಿಗೆ ಇಳಿದದ್ದು ಎಷ್ಟು ಎಂದು ಜಿಲ್ಲಾಡಳಿತ ಒಮ್ಮೆ ಲೆಕ್ಕ ತೆಗೆದು ಪ್ರಕಟಿಸಬೇಕು.

ದೊಡ್ಡ ಯೋಜನೆಯನ್ನು ಸಣ್ಣವರೇ ಮಾಡಬೇಕು ಎಂಬ ವಾದ ನನ್ನದಲ್ಲ. ಸ್ಕಾಡಾದ ತಂತ್ರಾಂಶ ಸುರಪುರದಲ್ಲಿ ಹುಟ್ಟಬೇಕಿಲ್ಲ. ಆದರೆ ಗೇಟಿಗೂ ಪಂಪಿಗೂ ಕಟ್ಟುವ ವರ್ಷಗಳಿಗಿಂತ ನಡೆಸುವ ವರ್ಷಗಳು ಹೆಚ್ಚು. ಕಂಪನಿಯ ನಿರ್ವಹಣಾ ಅವಧಿ ಮುಗಿದ ಮೇಲೆ ಮುಡಬಾಳ ಕಡೆಯ ಗೇಟಿನ ಮೋಟಾರು ನಿಂತರೆ ಯಾರನ್ನು ಕರೆಯಬೇಕು? ಆ ಯಂತ್ರ ಬಿಚ್ಚಿ ಜೋಡಿಸುವುದನ್ನು ಈಗಲೇ ಇಲ್ಲಿನ ಅಂಗಡಿಯ ಹುಡುಗರಿಗೆ ಕಲಿಸಬೇಕು, ನಿರ್ವಹಣೆಯ ಗುತ್ತಿಗೆಯನ್ನು ಶಾಖಾ ಕಾಲುವೆಗೊಂದರಂತೆ ಒಡೆದು ಕೊಡಬೇಕು, ಉಪಗುತ್ತಿಗೆಯಲ್ಲಿ ಮಾಡಿದ ಕೆಲಸಕ್ಕೂ ಇಲಾಖೆಯೇ ಅನುಭವ ಪತ್ರ ಬರೆದುಕೊಡಬೇಕು. ಮೂರಕ್ಕೂ ಹೊಸ ಕಾನೂನು ಬೇಕಿಲ್ಲ, ಟೆಂಡರಿನ ಷರತ್ತುಗಳಲ್ಲಿ ನಾಲ್ಕು ಸಾಲು ಸಾಕು.

ಅಷ್ಟರಲ್ಲಿ ಊರ ಕಡೆಯ ದಂಧೆಯೂ ಮಗ್ಗುಲು ಬದಲಿಸುತ್ತಿದೆ. ಹೊಸ ಕೃಷಿ ಪಂಪ್‌ಸೆಟ್ಟಿಗೆ ಕಂಬ, ತಂತಿ, ಟಿಸಿ ಖರ್ಚನ್ನು ಇಲಾಖೆ ಹೊರುತ್ತಿದ್ದ ವ್ಯವಸ್ಥೆ 2023ರ ನಂತರ ಬದಲಾಗಿದೆ: ಟಿಸಿಯಿಂದ 500 ಮೀಟರ್ ಒಳಗಿದ್ದರೆ ರೈತನೇ ಖರ್ಚು ಹಾಕಿ ಲೈಸನ್ಸ್ ಇರುವ ಗುತ್ತಿಗೆದಾರನಿಂದ ಕೆಲಸ ಮಾಡಿಸಬೇಕು, ಅದಕ್ಕಿಂತ ದೂರವಾದರೆ ಕುಸುಮ್ ಯೋಜನೆಯ ಸೋಲಾರ್ ಪಂಪು. ಮೊದಲನೆಯದರಲ್ಲಿ ಎಂಬಿ ಪುಸ್ತಕ, ಅನುದಾನಗಳ ಕಾಯುವಿಕೆ ಇಲ್ಲ, ಆದರೆ ರೈತನ ಉದ್ರಿ ಇದೆ. ಎರಡನೆಯದನ್ನು ಕೂರಿಸುವವರು ಸರ್ಕಾರ ಗುರುತಿಸಿದ ಕಂಪನಿಗಳು. ಕಂಟ್ರೋಲರ್ ಕೆಟ್ಟರೆ ದೂರು ಹೋಗುವುದು ಫೋನ್ ನಂಬರೊಂದಕ್ಕೆ. ಶಹಾಪುರದ ವೈಂಡಿಂಗ್ ಟೇಬಲ್ಲಿನ ಮೇಲೆ ಈಗಲೇ ಅಂಥ ಪೆಟ್ಟಿಗೆಗಳನ್ನು ಬಿಚ್ಚಿಕೊಂಡು ಕೂತ ಹುಡುಗರಿದ್ದರೆ ಆಶ್ಚರ್ಯವಿಲ್ಲ. ಅವರಲ್ಲಿ ಡಿಪ್ಲೊಮಾ ಮುಗಿಸಿದವನು ಸಂವಿಧಾನದ 371ಜೆ ವಿಧಿಯ ಮೀಸಲಾತಿಯಲ್ಲಿ ಜೆಸ್ಕಾಂ ನೌಕರಿಗೂ ಅರ್ಜಿ ಹಾಕಿರುತ್ತಾನೆ, ಸೂಪರ್‌ವೈಸರ್ ಪರ್ಮಿಟ್ಟಿಗೂ. ಯಾವುದು ಮೊದಲು ಬರುತ್ತದೋ ಅದು.